ಹಾಸು ಒಣಗುವ ತನಕ

ಮೊನ್ನೆ ಸೊಸೆ ಹತ್ತಿಸೀರೆಗೆ ಹಾಕಲೆಂದು ಅಕ್ಕಿಗಂಜಿ ಕಾಯಿಸಿದಳು. ಆ ಹಬೆಯ ವಾಸನೆ ಹಜಾರಕ್ಕೆ ಬಂದದ್ದೇ ತಡ, ಕೊಳ್ಳೇಗಾಲದ ನಮ್ಮ ನೇಕಾರರ ಬೀದಿ ಕಣ್ಣೆದುರು ಬಂದು ನಿಂತಿತು. ಆಗಿನ್ನೂ ನಮ್ಮೂರು ಮದರಾಸು ಸೀಮೆಗೆ ಸೇರಿತ್ತು. ಎದುರುಬದುರು ಹೆಂಚಿನ ಮನೆಗಳು, ಮನೆಮನೆಯಲ್ಲೂ ಮಗ್ಗದ ಸದ್ದು. ಯಾರದಾದರೂ ಮಗ್ಗ ನಿಂತರೆ ಪಕ್ಕದವರು ಬಂದು ಯಾಕೆಂದು ವಿಚಾರಿಸುತ್ತಿದ್ದರು. ಹಾಗೆ ವಿಚಾರಿಸುವವರು ನಿಮ್ಮ ಬೀದಿಯಲ್ಲೂ ಇದ್ದಿರಬೇಕು, ಒಂದು ಕಾಲದಲ್ಲಿ.

ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಿದ್ದೆವು. ಮಗ್ಗಕ್ಕೇರಿಸುವ ಮುಂಚೆ ಅದನ್ನು ಬೀದಿಯುದ್ದಕ್ಕೂ ಬಿಗಿದು, ತೆಳುಗಂಜಿ ಬಳಿದು, ಕುಂಚದಿಂದ ಬಾಚುತ್ತಾ ಒಣಗಿಸಬೇಕು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಯಾರ ಹಾಸು ಹೀಗೆ ಬೀದಿಗೆ ಬಿದ್ದರೂ ಬೆಳಗಿನ ತಂಪಿನಲ್ಲಿ ಬೀದಿಗೆ ಬೀದಿಯೇ ಹೊರಗೆ ಬರುತ್ತಿತ್ತು. ಕೂಲಿಯ ಮಾತಿಲ್ಲ, ಕರೆಯುವ ಉಪಚಾರವೂ ಇಲ್ಲ. ಗಂಜಿ ಹಸಿಯಿದ್ದಾಗ ಕೈಬಿಟ್ಟರೆ ಎಳೆಗೆ ಎಳೆ ಅಂಟಿಕೊಂಡು ಹಾಸೆಲ್ಲ ಹಾಳು. ಇನ್ನೊಂದು ಕಟ್ಟಳೆಯೂ ಇತ್ತು. ಬೀದಿಯಲ್ಲಿ ಸಾವಿನ ಅಳು ಕೇಳಿದರೆ ಎಲ್ಲರೂ ಹಿಡಿದ ಕೆಲಸ ಬಿಟ್ಟು ಆ ಮನೆಗೆ ಹೋಗಬೇಕು. ಹೆಣ ಎತ್ತುವ ತನಕ ನೂಲು ಮುಟ್ಟಬಾರದು.

ಮೂಲೆಮನೆಯ ಸಿದ್ದಮ್ಮನನ್ನು ನಾನು ಸಿದ್ದತ್ತೆ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ, ಗಂಡ ಮಾದಮಾವ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಬೂದಿ ಸೋಕಿದ ಬೆರಳಲ್ಲಿ ಹರಿದ ಎಳೆಯನ್ನು ಹೊಸೆದು ಕೂಡಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳು ಬಾರದೆ ಯಾರ ಹಾಸೂ ಮುಗಿಯುತ್ತಿರಲಿಲ್ಲ. ಆ ಚಳಿಗಾಲ ನಮ್ಮ ಮನೆಯ ಹಾಸು ಬಿತ್ತು. ಸಾಹುಕಾರರು ಅಪ್ಪನನ್ನು ನಂಬಿ ಕೊಟ್ಟ ರೇಷ್ಮೆ ಅದು. ಕೆಟ್ಟರೆ ಮತ್ತೆ ಕೊಡುತ್ತಿರಲಿಲ್ಲ, ನಮ್ಮ ಮಗ್ಗ ನಿಂತೇಹೋಗುತ್ತಿತ್ತು. ಗಂಜಿ ಬಳಿದಾಯಿತು, ಎಳೆಗಳು ಅಲ್ಲಲ್ಲಿ ಹರಿಯತೊಡಗಿದವು, ಸಿದ್ದತ್ತೆ ಮಾತ್ರ ಬಂದಿರಲಿಲ್ಲ. ಅವ್ವ ನನ್ನನ್ನು ಓಡಿಸಿದಳು.

ಬಾಗಿಲು ದೂಡಿದರೆ, ಸಿದ್ದತ್ತೆ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನ ಬಾಯಿ ತೆರೆದೇ ಇತ್ತು, ಕೆಮ್ಮೂ ಇಲ್ಲ, ಉಸಿರೂ ಇಲ್ಲ. ನಾನು ಚೀರುವ ಮೊದಲೇ ಅವಳು ಕೈ ಎತ್ತಿದಳು.

"ಕೂಗ್ಬ್ಯಾಡ ಮಗ. ಗಂಜಿ ಆಕವ್ರೆ ಅಲ್ವಾ? ನಿಮ್ಮಪ್ಪನ ಆಸು ಒಣಗ್ಲಿ, ಆಮೇಕೆ ಅಳ್ತೀನಿ."

ಅವನ ತಲೆಯನ್ನು ಮೆಲ್ಲಗೆ ದಿಂಬಿಗಿಟ್ಟು, ಕೂದಲು ಬಿಗಿಯಾಗಿ ಕಟ್ಟಿ, ಬಾಗಿಲೆಳೆದುಕೊಂಡು ಬಂದು ತನ್ನ ಜಾಗದಲ್ಲಿ ನಿಂತಳು. ಮಾವ ಹೇಗಿದ್ದಾರೆಂದು ಯಾರೋ ಕೇಳಿದ್ದಕ್ಕೆ, ಈಗ ಮಲಗಿದ್ದಾರೆ ಎಂದಳು. ಹಣೆಯ ಕುಂಕುಮ ಹಾಗೇ ಇತ್ತು. ನಾನು ಬೂದಿಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ; ಅವಳ ಬೆರಳು ಒಂದು ಎಳೆಯನ್ನೂ ತಪ್ಪಿಸಲಿಲ್ಲ. ಬಿಸಿಲು ಬಂತು, ಹಾಸು ಒಣಗಿತು, ಅಪ್ಪ ಸುತ್ತಿ ಹೆಗಲಿಗೇರಿಸಿದ. ಸಿದ್ದತ್ತೆ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ನಡೆದಳು. ಆಮೇಲೆ ಆ ಅಳು ಕೇಳಿಸಿತು.

ಅಪ್ಪ ಹಾಸನ್ನು ಜಗಲಿಗೆ ಹಾಕಿ ಓಡಿದ. ಅವಳು ಸಾವನ್ನು ಮುಚ್ಚಿಟ್ಟು ಬಂದಿದ್ದಳೆಂದು ನನ್ನಿಂದ ತಿಳಿದು ಅವಳೆದುರು ನೆಲದಲ್ಲಿ ಕುಸಿದು ಕೂತ. ಯಾಕವ್ವಾ ಹೀಗೆ ಮಾಡಿದೆ ಎಂದು ಅವನು ಕೇಳಿದ್ದು, ಅವಳು ಬಿಕ್ಕುತ್ತಲೇ ಹೇಳಿದ್ದು ನನಗಿನ್ನೂ ಕೇಳಿಸುತ್ತದೆ.

"ನಿನ್ ಆಸು ಆಳಾದ್ರೆ ಅವ್ರು ಎದ್ದು ಬಂದಾರಾ, ಅಣ್ಣ?"

ಅಂದು ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿದ್ದತ್ತೆಗೆ ಮೂರು ಹೊತ್ತೂ ಯಾರದೋ ಮನೆಯಿಂದ ಮುದ್ದೆ ಬರುತ್ತಿತ್ತು, ಅವಳೊಬ್ಬಳನ್ನೇ ಮಲಗಲು ಯಾರೂ ಬಿಡಲಿಲ್ಲ.

ನನ್ನನ್ನು ಹೊನ್ನೂರಿಗೆ ಕೊಟ್ಟರು. ವರ್ಷಗಳು ಕಳೆದವು. ಹಾಸು ಮಾಡಲು ಯಂತ್ರ ಬಂತು, ಗಂಜಿಗಾಗಿ ಯಾರೂ ಬೀದಿಗಿಳಿಯಬೇಕಾಗಲಿಲ್ಲ, ಹಳಬರು ಒಬ್ಬೊಬ್ಬರಾಗಿ ಹೋದರು. ಸಿದ್ದತ್ತೆ ಹೋದ ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಯಾವ ಹೊತ್ತಿಗೆ ಸತ್ತಳೋ ಗೊತ್ತಾಗಲಿಲ್ಲ, ಆ ಮನೆಯಲ್ಲಿ ಅಳುವವರು ಯಾರಿದ್ದರು ಎಂದರು ಪಕ್ಕದ ಬಾಡಿಗೆಯವರು.

ನಾನು ಅವಳ ಜಗಲಿಯ ಮೇಲೆ ಕೂತು ಬಾಯಿಬಿಟ್ಟು ಅಳತೊಡಗಿದೆ, ಅವಳು ಅಂದು ಅತ್ತಷ್ಟೇ ಗಟ್ಟಿಯಾಗಿ. ಎದುರುಮನೆಯ ಕಿಟಕಿ ತೆರೆದು ಮುಚ್ಚಿಕೊಂಡಿತು. ಬೀದಿಯಲ್ಲಿ ಯಾರ ಹಾಸೂ ಬಿದ್ದಿರಲಿಲ್ಲ, ಯಾರ ಕೈಯಲ್ಲೂ ಹಸಿಗಂಜಿ ಇರಲಿಲ್ಲ. ಆದರೂ ಯಾರೂ ಬರಲಿಲ್ಲ.