ಹುಳುಮನೆಯ ಸ್ವಿಚ್ಚು

ಅತ್ತಿಗೆ, ಆ ಸ್ವಿಚ್ಚು ನಿಮ್ಮಿಂದ ಕೆಡಲಿಲ್ಲ. ಕೆಡಿಸಿದ್ದು ನಾನು. ಏಳು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ನೀವು ಬಡಿಸಿದ ಅನ್ನ ತಿಂದಿದ್ದೀನಿ — ಥೂ, ನನ್ನ ಜನ್ಮಕ್ಕಿಷ್ಟು!

ರೇಷ್ಮೆ ಹುಳು ಸಾಕುವ ಮನೆ ಎರಡು ಬೆಳೆಗಳ ನಡುವೆ ಖಾಲಿ ಬಿದ್ದಿರುತ್ತಿತ್ತಲ್ಲ, ಅಲ್ಲೇ ನಾವಿಬ್ಬರೂ ನೆಟ್‌ವರ್ಕಿಂಗ್ ಕಲಿಯಲು ಲ್ಯಾಬ್ ಕಟ್ಟಿದ್ದು. ಎರಡು ಹಳೇ ಕಂಪ್ಯೂಟರು, ಒಂದು ರೂಟರ್, ಎಲ್ಲವನ್ನೂ ಒಂದಕ್ಕೊಂದು ಸೇರಿಸುವ ಪೆಟ್ಟಿಗೆ, ಆ ಒಂದೇ ಸ್ವಿಚ್ಚು. ಅದನ್ನು ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದವರು ನೀವು. ಡಿಪ್ಲೊಮಾ ಓದಿದವನು ನಾನು. ಆದರೆ ನಾನು ಪುಸ್ತಕ ತಿರುವಿಹಾಕುವಷ್ಟರಲ್ಲಿ ನೀವು ನೆಟ್‌ವರ್ಕನ್ನು ಎರಡು ಭಾಗ ಮಾಡಿ, "ನೋಡು ರವಿ, ಈಗ ಈ ಕಂಪ್ಯೂಟರಿಗೆ ಅದು ಕಾಣಲ್ಲ" ಅಂತ ನಗುತ್ತಿದ್ದಿರಿ. ನನಗೆ ಹೊಟ್ಟೆ ಉರಿಯುತ್ತಿತ್ತು.

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ, ಒಂದೇ ಒಂದು. ಇಬ್ಬರೂ ಅರ್ಜಿ ಹಾಕಿದೆವು. ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನವಿತ್ತು. ಅಷ್ಟರಲ್ಲಿ ಹೊಸ ಹುಳು ಬರುತ್ತವೆ ಅಂತ ಅಣ್ಣನ ಅವಸರ. ಹುಳುವಿಗೆ ರೋಗ ತಗಲದ ಹಾಗೆ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವ ಮುಂಚೆ ಸಾಮಾನೆಲ್ಲ ಆಚೆ ಸಾಗಿಸಬೇಕು ಅಂತ ನಾವೇ ಮಾತಾಡಿಕೊಂಡಿದ್ದೆವು. ಅವತ್ತು ನಿಮಗೆ ಪುರುಸೊತ್ತು ಕೊಟ್ಟವರು ಯಾರು? ಸಾಮಾನಿನ ಮೇಲೆ ಟಾರ್ಪಾಲ್ ಹೊದಿಸಿ ಪೌಡರ್ ಹೊಡೆದಿರಿ. ಮಧ್ಯಾಹ್ನ ನಾನು ಹೋಗಿ ಕರೆಂಟು ಕೊಟ್ಟು ನೋಡಿದೆ — ಸ್ವಿಚ್ಚಿನ ದೀಪಗಳೆಲ್ಲ ಹತ್ತಿದವು. ಏನೂ ಆಗಿರಲಿಲ್ಲ ಅತ್ತಿಗೆ, ಏನೂ! ಮುಚ್ಚಳ ಬಿಚ್ಚಿದೆ, ಒಳಗಿನ ಕರೆಂಟ್ ವೈರು ಕಿತ್ತೆ, ಮತ್ತೆ ಸ್ಕ್ರೂ ತಿರುಗಿಸಿ ನಿಮ್ಮನ್ನು ಕರೆದೆ.

"ಪೌಡರ್ ಘಾಟಿಗೆ ಸುಟ್ಟೋಯ್ತು. ಆಚೆ ಇಡೋಕೇನಾಗಿತ್ತು ನಿಮಗೆ?"

ಕಪಾಳಕ್ಕೆ ಬಾರಿಸಬೇಕಿತ್ತು ನೀವು. ಅದರ ಬದಲು — "ನಿನ್ನ ಅನ್ನಕ್ಕೂ ಕಲ್ಲು ಹಾಕ್ಬಿಟ್ನಲ್ಲಪ್ಪಾ" ಅಂತ ನನ್ನೆದುರೇ ಅತ್ತಿರಿ. "ಹೆಂಗಸ್ರಿಗೆ ಇವೆಲ್ಲ ಯಾಕೆ ಬೇಕಿತ್ತು" ಅಂದ ಅಣ್ಣ. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ರಿಪೇರಿಗೆ ಅಂತ ಸುಳ್ಳು ಹೇಳಿ ಅದನ್ನು ಗೆಳೆಯನ ರೂಮಿಗೆ ಒಯ್ದು, ವೈರು ಸಿಕ್ಕಿಸಿ, ಮೂರು ದಿನ ಅದರಲ್ಲೇ ಅಭ್ಯಾಸ ಮಾಡಿದೆ. ಪರೀಕ್ಷೆಗೆ ನೀವು ಬರಲೇ ಇಲ್ಲ. ಕೆಲಸ ನನಗಾಯಿತು.

ಹೋದ ವಾರ ನಮ್ಮ ಕಾರ್ಖಾನೆಯಲ್ಲಿ ಇನ್ನೊಂದು ಜಾಗ ಖಾಲಿಯಾಯಿತು. ದೊಡ್ಡ ಉಪಕಾರಿಯ ಹಾಗೆ ನಿಮಗೆ ಹೇಳಲು ಬಂದೆ. ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದ ನೀವು ತಲೆಯೆತ್ತದೆ ಅಂದಿರಿ: "ಬೇಡ ಕಣಪ್ಪಾ. ನಾನು ಮುಟ್ಟಿದ್ದೆಲ್ಲ ಕೆಟ್ಟೋಗ್ತದೆ. ನೀನೇ ನೋಡಿದ್ಯಲ್ಲ."

ಮೊದಲು ಸಿಟ್ಟು ಬಂದಿದ್ದು ನಿಮ್ಮ ಮೇಲೆ — ಇಷ್ಟು ಬುದ್ಧಿಯಿದ್ದೂ ಹೀಗೆ ನಂಬಿಬಿಟ್ಟಿರಲ್ಲ ಅಂತ! ನಂಬಿಸಿದವನು ಯಾರು? ನಾನೆಂಥ ನೀಚ ಅಂತ ಅಲ್ಲೇ ಹೇಳಲಾಗಲಿಲ್ಲ; ಅದಕ್ಕೇ ಈ ಕಾಗದ.

ನಾಳೆ ಭಾನುವಾರ. ಎಲ್ಲರೂ ಊಟಕ್ಕೆ ಕೂತಾಗ, ಅಣ್ಣನ ಮುಂದೆ, ಅವ್ವನ ಮುಂದೆ, ಇದನ್ನು ಗಟ್ಟಿಯಾಗಿ ಓದ್ತೀನಿ. ಕ್ಷಮಿಸಿ ಅನ್ನಲ್ಲ. ನನಗೆ ಉಗಿಯೋದಕ್ಕೆ ನಿಮಗೆ ಇಡೀ ಜನ್ಮ ಇದೆ. ಅರ್ಜಿ ಹಾಕೋದಕ್ಕೆ ಮಾತ್ರ ಸೋಮವಾರವೇ ಕೊನೇ ದಿನ.