ಮೇಡಂ ಕೊಟ್ಟ ತುಂಡು

ಮೊನ್ನೆ ಮಗಳ ಲಂಗಕ್ಕೆ ಎಲಾಸ್ಟಿಕ್ ತರಲು ಜಯನಗರದ ಕಾಂಪ್ಲೆಕ್ಸ್‌ಗೆ ಹೋಗಿದ್ದೆ. ಅಂಗಡಿಯವರು ಒಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ಬಿಟ್ಟರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಂತು. ಬೆಲೆ ಕೇಳುವುದನ್ನೂ ಮರೆತು ನಿಂತುಬಿಟ್ಟೆ... ನನ್ನ ಗೈಡ್ ಆಗಿದ್ದ ಮೇಡಂ ನೆನಪಾದರು.

ಬನಶಂಕರಿಯ ಕಾಲೇಜೊಂದರಲ್ಲಿ ಅವರ ಕೈಕೆಳಗೆ ನಾನು ಪಿಎಚ್‌ಡಿ ಮಾಡುತ್ತಿದ್ದೆ. ರಕ್ತನಾಳದ ಗೋಡೆ ಎಷ್ಟು ಹಿಗ್ಗುತ್ತದೆ, ಎಷ್ಟಕ್ಕೆ ಹರಿಯುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. ಹೊಸಬರಿಗೆಲ್ಲ ಇಂಥದೇ ಎಲಾಸ್ಟಿಕ್ ಪಟ್ಟಿ ಹಿಡಿದು ಪಾಠ ಶುರು ಮಾಡುತ್ತಿದ್ದರು. ನಾಳದ ಗೋಡೆಯೂ ಹೀಗೇ; ಒಳಗಿನ ರಬ್ಬರು ಎಲಾಸ್ಟಿನ್, ಹಿಗ್ಗಿ ವಾಪಸು ಬರುತ್ತದೆ. ಸುತ್ತಿದ ನೂಲು ಕೊಲಾಜೆನ್, ಇನ್ನು ಸಾಕು ಎಂದು ತಡೆಯುತ್ತದೆ. ಎರಡೂ ದೇಹವೇ ಹೆಣೆದುಕೊಂಡ ಪಾಲಿಮರ್‌ಗಳು. ಆದರೆ ಎಲಾಸ್ಟಿನ್ ಚಿಕ್ಕಂದಿನಲ್ಲಿ ಆದದ್ದೇ ಸೈ, ಆಮೇಲೆ ಹೊಸದು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ.

ಮನುಷ್ಯರ ತುಂಡು ನಮಗೆಲ್ಲಿ ಸಿಗಬೇಕು? ಮೇಕೆಯದೇ ಗತಿ. ಹನುಮಂತನಗರದ ಮಡಿವಂತರ ಮನೆಯ ಸೊಸೆಯಾದ ಮೇಡಂ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಸ್ಟೀಲ್ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಹೃದಯದಿಂದ ಹೊರಡುವ ದೊಡ್ಡ ನಾಳವನ್ನು ಉಪ್ಪುನೀರಿನಲ್ಲಿ ಹಾಕಿಸಿಕೊಂಡು ಬರುತ್ತಿದ್ದರು. ಅತ್ತೆಗೆ ಏನು ಹೇಳಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ. ಸಂಜೆ ತಲೆಗೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದರಂತೆ.

ತುಂಡನ್ನು ಎಳೆದು ಅಳೆಯುವ ಯಂತ್ರಕ್ಕೆ ಸಿಕ್ಕಿಸಿದ ಮೇಲೆ ಮೊದಲ ಕೆಲವು ಎಳೆತಗಳನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. “ಪಾಪ, ಅದಿನ್ನೂ ಗಾಬರೀಲಿರತ್ತೆ ಕಣೇ. ಸ್ವಲ್ಪ ಸುಧಾರಿಸ್ಕೊಳ್ಳಲಿ” ಎನ್ನುತ್ತಿದ್ದರು. ನನ್ನನ್ನು ಬೈಯುವಾಗ ಇಷ್ಟು ಕರುಣೆ ತೋರಿಸಿದ್ದು ನೆನಪಿಲ್ಲ.

ಒಮ್ಮೆ ಬೆನ್ನುನೋವೆಂದು ಸ್ಕ್ಯಾನ್ ಮಾಡಿಸಿದರು. ಅವರದೇ ಆ ದೊಡ್ಡ ನಾಳ ಒಂದು ಕಡೆ ಊದಿಕೊಂಡಿತ್ತು. ಯಾವಾಗ ಬೇಕಾದರೂ ಒಡೆಯಬಹುದು, ಆ ಭಾಗ ಕತ್ತರಿಸಿ ತೆಗೆದು ಕೃತಕ ನಾಳ ಹಾಕಬೇಕು ಎಂದರು ಡಾಕ್ಟರು. ನಾನು ಪಕ್ಕದಲ್ಲೇ ಇದ್ದೆ. ಮೇಡಂ ಕೇಳಿದ್ದು ಒಂದೇ ಮಾತು.

“ಕತ್ತರಿಸಿದ್ದನ್ನ ನಮ್ಮ ಲ್ಯಾಬಿಗೆ ಕೊಡ್ತೀರಾ ಡಾಕ್ಟ್ರೇ?”

ಆಸ್ಪತ್ರೆಯ ಒಪ್ಪಿಗೆ ಪಡೆದು, ತಾವೇ ಸಹಿ ಹಾಕಿ, ಆಪರೇಷನ್ನಿಗೆ ಮೊದಲೇ ಆ ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿತ್ತರು. “ಫ್ರೆಶ್ ಆಗಿರುವಾಗ್ಲೇ ಮಾಡು. ಹರಿಯೋ ತನಕ ಎಳಿ. ಅರ್ಧಕ್ಕೆ ನಿಲ್ಲಿಸಿದ್ರೆ ನಂಬರ್ ಬರಲ್ಲ.”

ಆಪರೇಷನ್ ಆಗಿ ಅವರು ಐಸಿಯುನಲ್ಲಿ ಕಣ್ಣು ಬಿಡದೆ ಮಲಗಿದ್ದರು. ಇತ್ತ ನಾನು ಅವರ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಕೂತಿದ್ದೆ. ವಿಜ್ಞಾನ ಓದಿದವಳು ನಾನು... ಆದರೂ ಇಲ್ಲಿ ಇದು ಹರಿದರೆ ಅಲ್ಲಿ ಅವರಿಗೇನಾದರೂ ಆದೀತು ಎನ್ನಿಸಿತು. ಲೆಕ್ಕಕ್ಕಿಲ್ಲದ ಎಳೆತಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಮಾಡಿದೆ. ಕೊನೆಗೆ ಹಲ್ಲು ಕಚ್ಚಿಕೊಂಡು ಪೂರಾ ಎಳೆದೆ. ಮೇಕೆಯದು ತಡೆಯುತ್ತಿದ್ದುದರ ಅರ್ಧವನ್ನೂ ಅದು ತಡೆಯಲಿಲ್ಲ.

ಎಚ್ಚರವಾದ ದಿನ ಅವರು ಮೊದಲು ಕೇಳಿದ್ದು, “ಎಷ್ಟು ಬಂತು?” ಎಂದು. ಹೇಳಿದೆ.

“ಇದನ್ನಿಟ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಓಡಾಡ್ತಿದ್ನಲ್ಲೇ...”

ನಗಲು ಹೋದರು, ಹೊಲಿಗೆ ನೋಯಿತು. ಆಪರೇಷನ್ ಗೆದ್ದರು ಅಂದುಕೊಂಡೆವು. ಆ ವಾರವೇ ಸೋಂಕು ಏರಿ ತೀರಿಕೊಂಡರು. ಅವರಿಗಾಗಿ ಎಷ್ಟು ಅತ್ತೆನೋ, ಅಷ್ಟೇ ಸಿಟ್ಟೂ ಬಂದಿತ್ತು. ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಗ್ರಾಂಟಿನ ಅರ್ಜಿ, ಮೀಟಿಂಗು, ಇಂಟರ್ನಲ್ ಮಾರ್ಕ್ಸಿನ ತಕರಾರು... ಸಾಕಾಗಿಹೋಗಿದೆ. ವರ್ಷವರ್ಷವೂ ಹೊಸಬರಿಗೆ ನಾಳಗಳು ಎಷ್ಟಕ್ಕೆ ಹರಿದವೆಂಬ ಒಂದು ಗ್ರಾಫ್ ತೋರಿಸುತ್ತೇನೆ. ಮೇಲೆ ಮೇಕೆಗಳ ಚುಕ್ಕೆಗಳು ಗುಂಪಾಗಿವೆ. ತೀರಾ ಕೆಳಗೆ ಒಂದೇ ಒಂದು ಚುಕ್ಕೆ. ಈ ಸೋಮವಾರ ಹೊಸ ಹುಡುಗಿಯೊಬ್ಬಳು ಅದರತ್ತ ಬೆರಳು ಮಾಡಿ, “ಇದು ಯಾರ್ದು ಮೇಡಂ?” ಎಂದಳು.

ತುಂಡು ಕೊಟ್ಟವರ ಗುರುತು ಹೇಳಬಾರದೆಂಬುದು ನಿಯಮ. ಅದನ್ನು ನಮಗೆ ಕಲಿಸಿದ್ದೂ ಅವರೇ. ಹೇಳಲು ಎಷ್ಟೊಂದಿತ್ತು...

“ಒಬ್ರು ಹೆಂಗಸಿಂದು” ಎಂದೆ. “ಅರವತ್ತರ ಆಸುಪಾಸು.”

ಅವಳು ಬರೆದುಕೊಂಡಳು.