ರುಚಿ ನೋಡದ ಅಡುಗೆಮನೆ

ಚೆನ್ನೈನ ಅಡ್ಯಾರಿನ ಆ ಸಸ್ಯಾಹಾರಿ ಹೋಟೆಲಿಗೆ ಮೇಲ್ವಿಚಾರಕಿಯಾಗಿ ಸೇರಿದ ಮೊದಲ ದಿನವೇ ನಾನು ಬೈಸಿಕೊಂಡೆ. ಕ್ಯಾಟರಿಂಗ್ ಕಾಲೇಜಿನಲ್ಲಿ ಕಲಿಸಿದ್ದರಲ್ಲ, ಶುದ್ಧವಾದ ಚಮಚ ತಗೋ, ಒಂದು ಹನಿ ರುಚಿ ನೋಡು, ಆಮೇಲೆ ಬಡಿಸಲು ಬಿಡು ಎಂದು. ಅದೇ ಪ್ರಕಾರ ಚಮಚ ಹಿಡಿದು ಸಾಂಬಾರಿನ ಕೊಪ್ಪರಿಗೆಯ ಹತ್ತಿರ ಹೋದೆ. ಆಚೆ ಬದಿ ನಿಂತಿದ್ದ ಹಿರಿಯರೊಬ್ಬರು ಉದ್ದನೆಯ ಸೌಟನ್ನು ಗೇಟಿನ ಹಾಗೆ ಅಡ್ಡ ಹಿಡಿದರು.

"ಎಂತ ಮಾಡ್ತೀರಿ ಮಾರಾಯ್ರೆ? ದೇವರಿಗೆ ಇಟ್ಟಾಗ್ಲಿಲ್ಲ ಇನ್ನೂ!"

ಅವರೇ ಮುಖ್ಯ ಅಡುಗೆಯವರು. ಎಲ್ಲರೂ ದೊಡ್ಡ ಭಟ್ಟರು ಎನ್ನುತ್ತಿದ್ದರು. ಮಾಲೀಕರು, ಅಡುಗೆಯವರು, ಬಡಿಸುವವರು ಎಲ್ಲ ಉಡುಪಿ ಕಡೆಯವರು. ಮೈಸೂರಿನಿಂದ ಬಂದ ನಾನೊಬ್ಬಳೇ ಹೊರಗಿನವಳು. ಆ ಅಡುಗೆಮನೆಯ ನಿಯಮ ಏನೆಂದರೆ, ಮಾಡಿದ್ದೆಲ್ಲ ಮೊದಲು ಮೂಲೆಯ ದೇವರ ಪಟದ ಮುಂದಿನ ಹಿತ್ತಾಳೆ ಬಟ್ಟಲಿಗೆ ಒಂದು ಸೌಟು ಹೋಗಬೇಕು. ಅಲ್ಲಿಯವರೆಗೆ ಯಾರ ನಾಲಿಗೆಯೂ ಮುಟ್ಟಕೂಡದು. ನೈವೇದ್ಯವಾದ ಮರುಕ್ಷಣ ಕೊಪ್ಪರಿಗೆ ನೇರವಾಗಿ ಹೊರಗೆ, ಗಿರಾಕಿಗಳ ತಟ್ಟೆಗೆ. ಅಂದರೆ ಮಾಡಿದವರು ರುಚಿ ನೋಡುವುದೇ ಇಲ್ಲ.

ಎಲ್ಲದಕ್ಕೂ ಮೂಗು ತೂರಿಸುವವಳು ಎಂದು ಅಮ್ಮನಿಂದ ಬಿರುದು ಪಡೆದವಳು ನಾನು, ಸುಮ್ಮನಿರುತ್ತೇನೆಯೇ?

"ಹಂಗಾದ್ರೆ ಉಪ್ಪು ಸರಿಯಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಎಂದೆ.

"ಮೂಗು ಉಂಟಲ್ಲ," ಎಂದರು ಭಟ್ಟರು.

"ಉಪ್ಪಿಗೆಲ್ಲಿ ವಾಸನೆ ಬಂತು?"

"ಉಪ್ಪಿಗಿಲ್ಲ. ಉಪ್ಪು ಬಿದ್ದ ಮೇಲೆ ಹುಣಸೆಹಣ್ಣಿನ ವಾಸನೆ ಬದಲಾಗ್ತದೆ. ನಿಮ್ಮ ಕಾಲೇಜಿನಲ್ಲಿ ಹೇಳ್ಲಿಲ್ವಾ?"

ಕಾಲೇಜಿನಲ್ಲಿ ಹೇಳಿರಲಿಲ್ಲ. ನಾನು ನಂಬಲೂ ಇಲ್ಲ. ಒಂದಿಡೀ ತಿಂಗಳು ನೈವೇದ್ಯ ಆಗುವುದನ್ನೇ ಕಾಯುತ್ತಿದ್ದು, ಆದ ಕೂಡಲೆ ಒಂದು ಬಟ್ಟಲು ಸಾಂಬಾರು ತೆಗೆದುಕೊಂಡು ಹೋಗಿ ಕೈ ತೊಳೆಯುವ ತೊಟ್ಟಿಯ ಪಕ್ಕ ನಿಂತು ಪರೀಕ್ಷೆ ಮಾಡುತ್ತಿದ್ದೆ. ಒಂದು ದಿನವಾದರೂ ತಪ್ಪು ಸಿಗಲಿ ಎಂಬ ಕೆಟ್ಟ ಆಸೆ. ಸಿಗಲಿಲ್ಲ. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು ಎಂದರೆ ನನ್ನ ಸ್ವಭಾವ ನಿಮಗೆ ಅರ್ಥವಾಗಬಹುದು.

ಆಮೇಲೆ ಕೊರೊನಾ ಬಂತು. ಹೋಟೆಲು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಎಲ್ಲ ಮುಗಿದು ಕೆಲಸ ಶುರುವಾದಾಗ ದೊಡ್ಡ ಭಟ್ಟರು ಸೊರಗಿದ್ದರು. ಜ್ವರ ಬಂದು ಹೋಯಿತಂತೆ. ಒಂದು ಹೊಸ ಅಭ್ಯಾಸವನ್ನೂ ತಂದಿದ್ದರು. ದಿನಾ ಹನ್ನೊಂದು ಗಂಟೆಗೆ, ಸಾಂಬಾರು ಕುದಿಯುವ ಹೊತ್ತಿಗೆ, ನನ್ನನ್ನು ಒಳಗೆ ಕರೆಯುತ್ತಿದ್ದರು.

"ಬನ್ನಿ ಇಲ್ಲಿ. ಈಗ ಎಂತ ಪರಿಮಳ ಬರ್ತಾ ಉಂಟು, ಹೇಳಿ ನೋಡುವ."

ನನಗೆ ವಿದ್ಯೆ ಕಲಿಸುತ್ತಿದ್ದಾರೆ ಎಂದುಕೊಂಡೆ. ಉಬ್ಬಿ ಹೋದೆ. ಬೇಳೆಯ ಹಸಿ ವಾಸನೆ ಹೋಗಿದೆ, ಹುಣಸೆಹಣ್ಣು ಇನ್ನೂ ಮುಂದೆ ಬಂದು ನಿಂತಿದೆ, ಕೊತ್ತಂಬರಿ ಇವತ್ತು ಒಂದು ಕೈ ಜಾಸ್ತಿ ಹುರಿದಿದೆ, ಇಂಗು ಈಗ ಬಂತು, ಇದು ನಮ್ಮ ಮನೆಯ ಮದುವೆಯೊಂದರ ಎರಡನೇ ಪಂಕ್ತಿಯ ವಾಸನೆ ಎಂದೆಲ್ಲ ಬಣ್ಣಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ, ರೇಡಿಯೋದಲ್ಲಿ ಕ್ರಿಕೆಟ್ ಕೇಳುವವರ ಹಾಗೆ ಕೇಳುತ್ತಿದ್ದರು. ಕೇಳಿಯಾದ ಮೇಲೆ ಒಂದಿಷ್ಟು ಉಪ್ಪೋ ನೀರೋ ಹಾಕುತ್ತಿದ್ದರು. ಅಡುಗೆಮನೆಯವರು ನನಗೆ ದಾರಿ ಬಿಡುವುದಕ್ಕೆ ಶುರು ಮಾಡಿದರು.

ನಿಜ ಗೊತ್ತಾಗಿದ್ದು ಹಾಲಿನಿಂದ. ಒಂದು ದಿನ ಅವರ ಬೆನ್ನ ಹಿಂದೆಯೇ ಒಲೆಯ ಮೇಲೆ ಹಾಲು ತಳ ಹಿಡಿಯುತ್ತಿತ್ತು. ಆ ಕಮಟು ಬಾಗಿಲಾಚೆ ನಿಂತಿದ್ದ ನನಗೆ ಬಡಿಯಿತು. ಒಂದು ಮೊಳ ದೂರದಲ್ಲಿದ್ದ ಭಟ್ಟರು ಶಾಂತವಾಗಿ ಕುಂಬಳಕಾಯಿ ಹೆಚ್ಚುತ್ತಿದ್ದರು. ನಾನು ಕೂಗಿಕೊಂಡಾಗ ತಿರುಗಿ, ಹೊಗೆ ಕಂಡು, "ಗೊತ್ತುಂಟು, ಗೊತ್ತುಂಟು," ಎನ್ನುತ್ತ ಪಾತ್ರೆ ಇಳಿಸಿದರು. ಗೊತ್ತಿರಲಿಲ್ಲ. ಅವರ ಮೂಗು ಹೋಗಿತ್ತು. ನನಗೆ ಕಲಿಸುತ್ತಿರಲಿಲ್ಲ, ನನ್ನ ಮೂಗನ್ನು ದಿನಾ ಎರವಲು ಪಡೆಯುತ್ತಿದ್ದರು.

ನಾಲಿಗೆ ಮುಟ್ಟಿಸುವಂತಿಲ್ಲದ ಅಡುಗೆಮನೆಯಲ್ಲಿ ಮೂಗೂ ಇಲ್ಲದ ಮುಖ್ಯ ಅಡುಗೆಯವರು! ತಿಳಿದರೆ ಅವರನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ಹುಟ್ಟುವ ಮೊದಲೇ ಅವರು ಆ ಸೌಟು ಹಿಡಿದವರು, ಬೇರೆ ಕೆಲಸ ಅರಿಯದವರು. ಅದೂ ಅಲ್ಲದೆ ಪೆರುಂಗುಡಿಯಲ್ಲಿ ತೆರೆಯಲಿದ್ದ ಹೊಸ ಶಾಖೆಯ ಅಡುಗೆಮನೆಯನ್ನು ಅವರ ಕೈಗೇ ಕೊಡುವುದಾಗಿ ಮಾಲೀಕರು ಹೇಳಿದ್ದರು. ನಾನು ಯಾರಿಗೂ ಬಾಯಿ ಬಿಡಲಿಲ್ಲ. ಅವರಿಗೆ ಮಾತ್ರ ಒಮ್ಮೆ, ಏನೂ ಅರಿಯದವಳಂತೆ, "ಒಂದ್ ಹನಿ ನಾಲಿಗೆಗೆ ಹಚ್ಚಿ ನೋಡಿದ್ರೆ ಏನಾಗುತ್ತೆ ಭಟ್ರೇ?" ಎಂದಿದ್ದೆ.

"ದೇವರಿಗೆ ಎಂಜಲು ಇಟ್ಟ ಹಾಗೆ ಆಗ್ತದೆ," ಎಂದರು. ಮಾತು ಅಲ್ಲಿಗೆ ಮುಗಿಯಿತು.

ಡಿಸೆಂಬರಿನಲ್ಲಿ ನನಗೆ ನೆಗಡಿಯಾಯಿತು. ಬಸ್ಸಿನಲ್ಲಿ ಪಕ್ಕ ಕೂತವರ ಮಲ್ಲಿಗೆಯ ಪರಿಮಳವೂ ತಿಳಿಯದಷ್ಟು ಮೂಗು ಕಟ್ಟಿತ್ತು. ಅವತ್ತು ಭಾನುವಾರ, ಹೊರಗೆ ಜನ ಸಾಲುಗಟ್ಟಿದ್ದರು. ಹನ್ನೊಂದಕ್ಕೆ ಕರೆ ಬಂತು. ಕೊಪ್ಪರಿಗೆಯ ಮೇಲೆ ಬಾಗಿದೆ. ಬಿಸಿ ಹಬೆ ಮಾತ್ರ. ನೆಗಡಿ ಎನ್ನಬಹುದಿತ್ತು. ಆದರೆ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಒಂದು ದಿನದ ಮಟ್ಟಿಗೂ ಆ ಗೌರವ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಸರಿಯಾಗಿದೆ," ಎಂದೆ.

ಭಟ್ಟರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ಸೌಟು ದೇವರ ಬಟ್ಟಲಿಗೆ ಹಾಕಿದರು.

ಹಿಂದಿನ ದಿನ ರುಬ್ಬಿದ ತೆಂಗಿನಕಾಯಿ ಮಸಾಲೆ ಫ್ರಿಜ್ಜಿನ ಹೊರಗೇ ಉಳಿದುಬಿಟ್ಟಿತ್ತು. ಆ ಪಾತ್ರೆಗೆ ಭಟ್ಟರಲ್ಲದೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ. ಅವರೇ ಸುರಿದಿದ್ದಾರೆ, ನಾನು ಬೇರೆ ಸರಿಯಾಗಿದೆ ಎಂದಿದ್ದೇನೆ, ಇನ್ನು ಮೂಗು ಸಿಂಡರಿಸುವ ಧೈರ್ಯ ಯಾರಿಗಿದ್ದೀತು? ಮೊದಲ ಪಂಕ್ತಿಯಲ್ಲೇ ಒಬ್ಬರು ಎದ್ದು ನಿಂತು, "ಮೇಡಂ, ಸಾಂಬಾರ್ ಊಸಿ ಪೋಚ್ಚು!" ಎಂದರು. ಹಳಸಿದೆ ಎಂಬ ಆ ಮಾತು ಮೇಜಿನಿಂದ ಮೇಜಿಗೆ ಹೋಯಿತು. ಮಾಲೀಕರು ಒಳಗೆ ಬಂದು ಬೆರಳಲ್ಲಿ ಒಂದು ಹನಿ ಬಾಯಿಗಿಟ್ಟು ಉಗಿದರು.

"ಭಟ್ರೇ, ನಿಮ್ಮ ಮೂಗಿಗೆ ಗೊತ್ತಾಗ್ಲಿಲ್ವಾ?"

ಭಟ್ಟರು ಕೊಪ್ಪರಿಗೆಯ ಮುಚ್ಚಳ ಮುಚ್ಚಿದರು. ನನ್ನ ಕಡೆ ನೋಡಲೂ ಇಲ್ಲ. ನನಗೆ ತಡೆಯಲಾಗಲಿಲ್ಲ.

"ತಪ್ಪು ನಂದು ಸಾರ್. ಅವರು ನನ್ನ ಕೇಳಿದ್ರು. ನಂಗೆ ನೆಗಡಿ, ವಾಸನೆ ಬರ್ತಿರಲಿಲ್ಲ. ಆದ್ರೂ ಸರಿಯಾಗಿದೆ ಅಂದ್ಬಿಟ್ಟೆ."

ದೊಡ್ಡ ಪ್ರಾಮಾಣಿಕಳ ಹಾಗೆ ಎದೆಯುಬ್ಬಿಸಿ ಹೇಳಿದೆ. ಮಾಲೀಕರು ನನ್ನನ್ನು ಬಿಟ್ಟು ಭಟ್ಟರನ್ನೇ ನೋಡಿದರು.

"ಅವರನ್ನ ಯಾಕೆ ಕೇಳಿದ್ದು ನೀವು?"

ನಾನು ಮಾಡಿದ್ದೇನೆಂದು ಆಗ ಹೊಳೆಯಿತು. ಭಟ್ಟರು ಹೆಗಲ ಮೇಲಿನ ಬೈರಾಸು ತೆಗೆದು ಕೈ ಒರೆಸಿಕೊಂಡರು.

"ಆ ಜ್ವರ ಬಂದ ಮೇಲೆ ನನಗೆ ಎಂತದೂ ಬರುದಿಲ್ಲ," ಎಂದರು.

ಮಾಲೀಕರು ಕೆಟ್ಟವರಲ್ಲ. "ಇನ್ನು ಮೇಲೆ ಬಾಯಿಗೆ ಹಾಕಿಯೇ ನೋಡಿ. ದೇವರು ಎಂತ ಹೇಳುದಿಲ್ಲ," ಎಂದರು. ಭಟ್ಟರು ಆಗದೆಂದು ತಲೆಯಾಡಿಸಿ, ಸೌಟನ್ನು ಎರಡನೆಯ ಅಡುಗೆಯವರ ಕೈಗೆ ಕೊಟ್ಟು, ತಾವೇ ಹೋಗಿ ದೋಸೆ ಕಾವಲಿಯ ಮುಂದೆ ನಿಂತರು. ದೋಸೆಗೆ ಕಣ್ಣು, ಕಿವಿ ಇದ್ದರೆ ಸಾಕು. ಪೆರುಂಗುಡಿಗೆ ಬೇರೆಯವರು ಹೋದರು.

ಕ್ಷಮೆ ಕೇಳಲು ನನಗೆ ನಾಲ್ಕು ದಿನ ಬೇಕಾಯಿತು.

"ನನ್ನಿಂದ ಹಿಂಗಾಯ್ತು," ಎಂದೆ.

"ನಿಮ್ಮಿಂದ ಅಲ್ಲ," ಎಂದರು, ಹಿಟ್ಟು ಹರಡುತ್ತ. "ಬೇರೆ ದಿನ ನೀವು ಹೇಳ್ವಾಗ ನನಗೂ ಒಂಚೂರು ಬರ್ತಿತ್ತು. ಕೊತ್ತಂಬರಿ ಅಂದ ಕೂಡ್ಲೆ ಕೊತ್ತಂಬರಿ ಬರ್ತಿತ್ತು. ಅದಕ್ಕೇ ಕರೀತಿದ್ದದ್ದು, ಸಾಂಬಾರಿಗೆ ಮಾತ್ರ ಅಲ್ಲ. ಅವತ್ತು ನೀವು ಒಂದೇ ಮಾತು ಹೇಳಿದ್ರಿ. ನನಗೆ ಎಂತದೂ ಬರ್ಲಿಲ್ಲ. ನಿಮಗೆ ಗೊತ್ತಾಗ್ಲಿಲ್ಲ ಅಂತ ನನಗೆ ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಕೇಳಿದ್ರೆ ನೀವು ನಾಳೆಯಿಂದ ಬರುದಿಲ್ಲ ಅಂದ್ರೆ?" ಎಂದರು. ದೋಸೆ ಮಗುಚಿದರು. "ಹಳಸಿದ್ದನ್ನ ದೇವರಿಗೆ ಇಟ್ಟೆ ನೋಡಿ."